ಒಂಬತ್ತನೇ ತಿಂಗಳಲ್ಲಿ ಮಗು ಆಡುವುದು ಕಡಿಮೆಯಾದರೆ ಕಾಯಬೇಕಾ, ಹೊರಡಬೇಕಾ?

ಪ್ರಶ್ನೆ: ಡಾಕ್ಟರೇ, ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ವಯಸ್ಸು 27, ಚೊಚ್ಚಲ ಬಸಿರು, ಈಗ 35 ವಾರ. ಸೀಮಂತ ಮುಗಿಸಿ ಅಮ್ಮನ ಮನೆಗೆ ಬಂದಿದ್ದೇನೆ. ಗಂಡ ದುಬೈಯಲ್ಲಿದ್ದಾರೆ. ರಾತ್ರಿ ಊಟ ಮಾಡಿ ಮಲಗಿದರೆ ಸಾಕು, ಮಗು ಬಲಗಡೆ ಪಕ್ಕೆಗೆ ಜೋರಾಗಿ ಒದೆಯುತ್ತಿತ್ತು. ನಾಲ್ಕೈದು ದಿನದಿಂದ ಒದೆತ ಇಲ್ಲ, ಉರುಳಿದ ಹಾಗೆ, ತಳ್ಳಿದ ಹಾಗೆ ಆಗುತ್ತದೆ. ನಿನ್ನೆ ಮಧ್ಯಾಹ್ನದಿಂದ ಅದೂ ಕಡಿಮೆ. ಅಜ್ಜಿ ಹೇಳುತ್ತಾರೆ, ತಿಂಗಳು ತುಂಬುತ್ತಾ ಬಂದ ಹಾಗೆ ಮಗುವಿಗೆ ಜಾಗ ಸಾಲದು, ಸುಮ್ಮನಾಗುತ್ತದೆ ಎಂದು. ಪಕ್ಕದ ಮನೆಯ ಅಕ್ಕ ಬೆಲ್ಲದ ನೀರು ಕುಡಿಸಿದರು, ಸ್ವಲ್ಪ ಅಲ್ಲಾಡಿದ ಹಾಗಾಯಿತು. ತಮ್ಮ ಆನ್‌ಲೈನಿನಲ್ಲಿ ತರಿಸಿದ ಡಾಪ್ಲರ್ ಮಿಷನ್ನಿನಲ್ಲಿ ಎದೆಬಡಿತ ಕೇಳಿಸುತ್ತಿದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಪ್ಲಾಸೆಂಟಾ ಆಂಟೀರಿಯರ್ ಎಂದು ಬರೆದಿದೆ, ಅದಕ್ಕೇ ಗೊತ್ತಾಗುತ್ತಿಲ್ಲವೋ ಏನೋ. ನಮ್ಮದು ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರು, ಅಮ್ಮನಿಗೆ ಆ ಭಯವೂ ಇದೆ. 33ನೇ ವಾರದಲ್ಲೂ ಒಮ್ಮೆ ಹೀಗಾಗಿ ಮಂಗಳೂರಿಗೆ ಹೋಗಿದ್ದೆ. ಎನ್‌ಎಸ್‌ಟಿ (ಮಗುವಿನ ಎದೆಬಡಿತದ ಪರೀಕ್ಷೆ) ಮಾಡಿ ಎಲ್ಲ ಸರಿ ಇದೆ ಎಂದು ಕಳುಹಿಸಿದರು. ಒಂದೂವರೆ ಗಂಟೆಯ ದಾರಿ, ಕಾರು ಬಾಡಿಗೆ ಬೇರೆ. ಮತ್ತೆ ಹೋದರೆ ನಗುತ್ತಾರೇನೋ ಎಂದು ನಾಚಿಕೆ. ಮನೆಯವರೆಲ್ಲ 37 ವಾರಕ್ಕೆ ನೋವು ಬರಿಸಿಬಿಡಿ, ಗಂಡನ ರಜೆಗೂ ಸರಿಯಾಗುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಈ ಪತ್ರ ನೋಡಿದ ಕೂಡಲೇ ಇವರಿಗೆ ಒಂದು ಸಾಲು ಬರೆದೆ: "ಈಗಲೇ ಹೊರಡಿ, ಉಳಿದದ್ದು ಆಮೇಲೆ." ಇಂಥ ಪ್ರಶ್ನೆಗೆ ಅಂಕಣ ಅಚ್ಚಾಗುವವರೆಗೆ ಕಾಯಲು ಆಗುವುದಿಲ್ಲ. ಅವರು ಅಂದೇ ಹೋದರು. ಎನ್‌ಎಸ್‌ಟಿ ಚೆನ್ನಾಗಿತ್ತು. ಸ್ಕ್ಯಾನ್‌ನಲ್ಲಿ ಮಗುವಿನ ತೂಕ ವಾರಕ್ಕೆ ತಕ್ಕಷ್ಟಿತ್ತು, ಮಗುವಿನ ಸುತ್ತಲಿನ ನೀರೂ ಸಾಕಷ್ಟಿತ್ತು. ಈಗ ಅವರು ಒಪ್ಪಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿರುವ ಒಂದೊಂದು ಮಾತನ್ನೂ ನಾನು ಓಪಿಯಲ್ಲಿ ಕೇಳುತ್ತಲೇ ಇರುತ್ತೇನೆ. ಬದಿಯಡ್ಕದವರು ಹೇಳಲಿ, ಮಂಜೇಶ್ವರದವರು ಹೇಳಲಿ, ಮುಳ್ಳೇರಿಯದವರು ಹೇಳಲಿ, ಅದೇ ಅಜ್ಜಿ, ಅದೇ ಬೆಲ್ಲದ ನೀರು.

ಇದನ್ನು ಓದುತ್ತಿರುವ ಬಸುರಿಯರಲ್ಲಿ ಯಾರಿಗಾದರೂ ಇವತ್ತು ಮಗು ಆಡುವುದು ಕಡಿಮೆ ಅನ್ನಿಸುತ್ತಿದ್ದರೆ, ಇದನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಸೇರಿಕೊಂಡಿವೆ. ಒದೆತ ಹೋಗಿ ಉರುಳುವುದು, ತಳ್ಳುವುದು ಬಂದಿದೆ ಎನ್ನುವುದು ಒಂದು. ನಿನ್ನೆ ಮಧ್ಯಾಹ್ನದಿಂದ ಅದೂ ಕಡಿಮೆಯಾಗಿದೆ ಎನ್ನುವುದು ಇನ್ನೊಂದು. ಮೊದಲನೆಯದು ಸಹಜ. ಎರಡನೆಯದು ಸಹಜ ಅಲ್ಲ, ಅದನ್ನು ಅಂದೇ ತೋರಿಸಬೇಕು.

ಚೊಚ್ಚಲಿನವರಿಗೆ ಮಗುವಿನ ಮಿಸುಕಾಟ ಗೊತ್ತಾಗುವುದು ಸಾಮಾನ್ಯವಾಗಿ 18ರಿಂದ 20 ವಾರದ ಹೊತ್ತಿಗೆ. ಎರಡನೆಯ ಬಸಿರಿನಲ್ಲಿ ಸ್ವಲ್ಪ ಮೊದಲೇ ಗೊತ್ತಾಗುತ್ತದೆ. 24 ವಾರವಾದರೂ ಏನೂ ಗೊತ್ತಾಗದಿದ್ದರೆ ಡಾಕ್ಟರಿಗೆ ಹೇಳಬೇಕು. ಅಲ್ಲಿಂದ ಸುಮಾರು 32 ವಾರದವರೆಗೆ ಆಟ ಜಾಸ್ತಿಯಾಗುತ್ತಾ ಹೋಗುತ್ತದೆ, ಆಮೇಲೆ ಹೆಚ್ಚು ಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಹೆರಿಗೆ ನೋವು ಶುರುವಾಗುವವರೆಗೂ, ನೋವಿನ ನಡುವೆಯೂ ಮಗು ಆಡುತ್ತಲೇ ಇರಬೇಕು. ಬದಲಾಗುವುದು ಆಟದ ರೀತಿ. ಆರನೇ ತಿಂಗಳಲ್ಲಿ ಮಗು ಸಣ್ಣದು, ಅದರ ಗಾತ್ರಕ್ಕೆ ನೀರು ಜಾಸ್ತಿ, ಲಾಗ ಹಾಕಲು ಜಾಗ ಇರುತ್ತದೆ. ಒಂಬತ್ತರಲ್ಲಿ ಕೈಕಾಲು ಮಡಚಿಕೊಂಡಿರುತ್ತದೆ. ಆಗ ಪಟ್ಟನೆ ಒದೆಯುವುದು ಕಡಿಮೆಯಾಗಿ ಹೊಟ್ಟೆಯ ಒಂದು ಬದಿ ಉಬ್ಬುವುದು, ಮೊಣಕಾಲು ಸರಿದ ಹಾಗಾಗುವುದು, ಇಡೀ ಮಗು ಹೊರಳಿದ ಹಾಗಾಗುವುದು ಜಾಸ್ತಿ. ತಲೆ ಕೆಳಗೆ ಕೂತ ಮೇಲೆ ಮೂತ್ರಚೀಲದ ಹತ್ತಿರ ಚುಚ್ಚಿದ ಹಾಗೂ ಆಗುತ್ತದೆ.

ಅಜ್ಜಿ ಹೇಳಿದ್ದರಲ್ಲಿ "ಜಾಗ ಸಾಲದು" ಎನ್ನುವುದು ನಿಜ. "ಅದಕ್ಕೇ ಸುಮ್ಮನಾಗುತ್ತದೆ" ಎನ್ನುವುದು ತಪ್ಪು. ಬಸಿರಿನ ಬಗ್ಗೆ ನಮ್ಮ ಕಡೆ ಇರುವ ನಂಬಿಕೆಗಳಲ್ಲಿ ಹೆಚ್ಚಿನವು ಯಾರಿಗೂ ಕೆಡುಕು ಮಾಡುವುದಿಲ್ಲ. ಕುಂಬಳಕಾಯಿ ತಿನ್ನಬೇಡ, ಗ್ರಹಣ ನೋಡಬೇಡ ಎಂದರೆ ಇರಲಿ ಬಿಡಿ ಎನ್ನಬಹುದು. ಇದೊಂದನ್ನು ಮಾತ್ರ ನಾನು ಬಿಡುವುದಿಲ್ಲ. ಆಸ್ಪತ್ರೆಗೆ ಹೊರಟವರನ್ನು ಮನೆಯಲ್ಲೇ ಕೂರಿಸುವುದು ಈ ಮಾತು. ಅದನ್ನು ಹೇಳುವವರು ನಮ್ಮ ಮೇಲೆ ಪ್ರೀತಿ ಇರುವವರು, ಹತ್ತು ಹೆರಿಗೆ ಕಂಡವರು. ಹಾಗಾಗಿ ಎದುರು ಹೇಳುವುದೂ ಕಷ್ಟ. ಅಜ್ಜಿಯ ಹತ್ತಿರ ವಾದಕ್ಕೆ ನಿಲ್ಲಬೇಡಿ. "ಹೌದಜ್ಜಿ, ಒಮ್ಮೆ ತೋರಿಸಿಕೊಂಡು ಬರುತ್ತೇವೆ" ಎಂದು ಚಪ್ಪಲಿ ಹಾಕಿಕೊಳ್ಳಿ.

ಮಗು ಎಲ್ಲ ಹೊತ್ತೂ ಆಡುತ್ತಿರುವುದಿಲ್ಲ. ಅದಕ್ಕೂ ನಿದ್ದೆ ಇದೆ. ಒಂದು ನಿದ್ದೆ 20ರಿಂದ 40 ನಿಮಿಷ, ಆರೋಗ್ಯವಾಗಿರುವ ಮಗುವಿನಲ್ಲಿ ಅದು ಒಂದೂವರೆ ಗಂಟೆ ದಾಟುವುದು ಅಪರೂಪ. ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ ಆಟ ಜಾಸ್ತಿ. ನೀವು ಮಲಗಿದ್ದಾಗ ಚೆನ್ನಾಗಿ ಗೊತ್ತಾಗುತ್ತದೆ, ಕೂತಿದ್ದಾಗ ಅದಕ್ಕಿಂತ ಕಡಿಮೆ, ನಿಂತು ಓಡಾಡುವಾಗ ಎಲ್ಲಕ್ಕಿಂತ ಕಡಿಮೆ. ತೋಟದ ಮನೆಯಲ್ಲಿ ಬೆಳಗಿನಿಂದ ಅಡುಗೆ, ದನಕ್ಕೆ ಹುಲ್ಲು, ಅಂಗಳದಲ್ಲಿ ಒಣಹಾಕಿದ ಅಡಿಕೆ ಮಗುಚುವುದು ಎಂದು ತಿರುಗುತ್ತಿದ್ದರೆ ಮಧ್ಯಾಹ್ನದವರೆಗೆ ಮಗುವಿನ ನೆನಪೇ ಆಗದಿರಬಹುದು. ತಿಂಗಳು ತುಂಬಿದ ಮಗುವನ್ನು ಸ್ಕ್ಯಾನ್‌ನಲ್ಲಿ ನೋಡುತ್ತಾ ಕೂತರೆ ಗಂಟೆಗೆ ಸರಾಸರಿ 31 ಸಲ ಅಲ್ಲಾಡುವುದು ಕಾಣುತ್ತದೆ. ಅದರಲ್ಲಿ ಅಮ್ಮನಿಗೆ ಗೊತ್ತಾಗುವುದು ಒಂದು ಪಾಲು ಮಾತ್ರ. ಆ ಪಾಲು ಎಷ್ಟು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರಹ. ಹಾಗಾಗಿ ನಾದಿನಿಯ ಮಗು ಎಷ್ಟು ಒದೆಯುತ್ತಿತ್ತು ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಮಗುವಿನ ಮೊನ್ನೆಯ ಅಭ್ಯಾಸವೇ ನಿಮಗೆ ಅಳತೆ. ರಾತ್ರಿ ಮಲಗಿದ ಕೂಡಲೇ ಬಲಗಡೆ ಒದೆಯುತ್ತಿತ್ತು ಎಂದು ನೀವು ಬರೆದಿದ್ದೀರಲ್ಲ, ನನಗೆ ಬೇಕಾದ ಮಾಹಿತಿ ಅದೇ.

ಸರಿ, ಮಗು ಯಾಕೆ ಸುಮ್ಮನಾಗುತ್ತದೆ? ಹತ್ತರಲ್ಲಿ ಏಳು ಮಂದಿಯಲ್ಲಿ ಏನೂ ತೊಂದರೆ ಇರುವುದಿಲ್ಲ. ಒಮ್ಮೆ ಕಡಿಮೆಯಾಗಿ ಮತ್ತೆ ಸರಿಯಾಗುತ್ತದೆ, ಹೆರಿಗೆಯೂ ಸುಸೂತ್ರವಾಗುತ್ತದೆ. ಉಳಿದವರಲ್ಲಿ ದೊಡ್ಡ ಕಾರಣ ಮಾಸು, ಅಂದರೆ ಪ್ಲಾಸೆಂಟಾ. ಅಮ್ಮನ ರಕ್ತದಿಂದ ಮಗುವಿಗೆ ಆಮ್ಲಜನಕ, ಆಹಾರ ದಾಟುವುದು ಅದರ ಮೂಲಕ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಇವುಗಳಿಂದ, ಕೆಲವೊಮ್ಮೆ ಯಾವ ಕಾರಣವೂ ಸಿಗದೆ, ಮಾಸು ತನ್ನ ಕೆಲಸ ಪೂರ್ತಿ ಮಾಡದೆ ಹೋಗುತ್ತದೆ. ಆಗ ಮಗು ಸಿಕ್ಕಿದ್ದರಲ್ಲಿ ಹೊಂದಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ದಿನ ಬಾರದಿದ್ದರೆ ನಾವು ಫ್ರಿಜ್ಜು, ಮಿಕ್ಸಿ ಎಲ್ಲ ನಿಲ್ಲಿಸಿ ಇನ್ವರ್ಟರಿನಲ್ಲಿ ಒಂದು ಲೈಟು ಮಾತ್ರ ಉರಿಸುತ್ತೇವಲ್ಲ, ಹಾಗೆ. ಮಿದುಳು, ಹೃದಯಕ್ಕೆ ರಕ್ತ ಹೋಗಲಿ ಎಂದು ಕೈಕಾಲು ಆಡಿಸುವುದನ್ನು ಮೊದಲು ಕಡಿಮೆ ಮಾಡುತ್ತದೆ. ಇಂಥ ಮಕ್ಕಳು ಎಷ್ಟೋ ಸಲ ತೂಕದಲ್ಲೂ ಸಣ್ಣವೇ. ಹೊಟ್ಟೆಯಲ್ಲೇ ಮಗು ತೀರಿಹೋದ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಮೊದಲು ಆಟ ಕಡಿಮೆಯಾದದ್ದನ್ನು ಗಮನಿಸಿದ್ದರು ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಏನೋ ಸರಿ ಇಲ್ಲ ಎಂದು ಅಮ್ಮಂದಿರಿಗೆ ಮೊದಲೇ ಅನ್ನಿಸಿರುತ್ತದೆ. ಅನ್ನಿಸಿದ್ದನ್ನು ಹೇಳುವ ಹೊತ್ತಿಗೆ ತಡವಾಗಿರುತ್ತದೆ, ಅಷ್ಟೇ.

ಬೇರೆ ಕಾರಣಗಳೂ ಇವೆ. ನೀರು ಕಡಿಮೆಯಾಗುವುದು, ಸೋಂಕು, ಮಗುವಿನ ರಕ್ತ ಅಮ್ಮನ ರಕ್ತಕ್ಕೆ ಸೋರಿ ಮಗುವಿಗೆ ರಕ್ತಹೀನತೆಯಾಗುವುದು, ಹೊಕ್ಕುಳಬಳ್ಳಿ ಒತ್ತಿಕೊಳ್ಳುವುದು. ನಿದ್ದೆ ಬರಿಸುವ ಮಾತ್ರೆ, ಕೆಲವು ಬಲವಾದ ನೋವಿನ ಔಷಧಿಗಳಿಂದಲೂ ಮಗು ಮಂಕಾಗುತ್ತದೆ. ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಇದ್ದವರಿಗೆ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಅದಾದ ಮೇಲೆ ಒಂದೆರಡು ದಿನ ಆಟ ಕಡಿಮೆಯಾಗಬಹುದು. ಹಾಗಾದರೂ "ಇಂಜೆಕ್ಷನ್ನಿನಿಂದ ಇರಬೇಕು" ಎಂದು ನೀವೇ ತೀರ್ಮಾನ ಮಾಡಬೇಡಿ, ನಮಗೆ ಹೇಳಿ.

ನಿಮ್ಮ ಆಂಟೀರಿಯರ್ ಪ್ಲಾಸೆಂಟಾದ ವಿಷಯ. ಮಾಸು ಗರ್ಭಕೋಶದ ಮುಂಭಾಗದ ಗೋಡೆಗೆ, ಹೊಟ್ಟೆಯ ಕಡೆಗೆ ಅಂಟಿಕೊಂಡಿದೆ ಎಂದು ಅರ್ಥ. ಎಷ್ಟೋ ಜನರಿಗೆ ಹಾಗಿರುತ್ತದೆ, ಅದು ರೋಗವಲ್ಲ. ಮೊದಲ ಏಳು ತಿಂಗಳು, ಸುಮಾರು 28 ವಾರದವರೆಗೆ, ಒದೆತ ಅಷ್ಟಾಗಿ ಗೊತ್ತಾಗದಿರಲು ಅದು ಕಾರಣವಾಗಬಹುದು. ಆದರೆ ಮಾಸು ಮೊನ್ನೆಯೂ ಅಲ್ಲೇ ಇತ್ತು. ಮೊನ್ನೆ ಗೊತ್ತಾಗುತ್ತಿದ್ದದ್ದು ನಿನ್ನೆ ಗೊತ್ತಾಗದಿದ್ದರೆ ಅದಕ್ಕೆ ಮಾಸು ಇರುವ ಜಾಗ ಕಾರಣ ಆಗುವುದಿಲ್ಲ, ಅಲ್ವಾ?

ಬೆಲ್ಲದ ನೀರಿಗೆ ಬರೋಣ. ಕೆಲವು ಮನೆಯಲ್ಲಿ ಬೆಲ್ಲ, ಕೆಲವು ಮನೆಯಲ್ಲಿ ಬೊಂಡ (ಎಳನೀರು), ಈಗಿನವರಲ್ಲಿ ಚಾಕಲೇಟು, ಫ್ರಿಜ್ಜಿನ ಜ್ಯೂಸು. ಸಿಹಿ ತಿಂದರೆ, ತಣ್ಣಗೆ ಕುಡಿದರೆ ಮಗು ಏಳುತ್ತದೆ ಎನ್ನುವುದಕ್ಕೆ ನಂಬುವಂಥ ಆಧಾರ ಇಲ್ಲ. ಆದರೂ ಮಗು ಎದ್ದ ಹಾಗೆ ಯಾಕೆ ಅನ್ನಿಸುತ್ತದೆ? ಕುಡಿದು, ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟು ಗಮನ ಕೊಡುತ್ತೀರಿ. ನಿದ್ದೆಯಲ್ಲಿದ್ದ ಮಗುವಿಗೆ ಏಳುವ ಹೊತ್ತೂ ಆಗಿರುತ್ತದೆ. ಹೆಸರು ಬೆಲ್ಲಕ್ಕೆ ಬರುತ್ತದೆ. ಬಾಯಾರಿಕೆಗೆ, ರುಚಿಗೆ ಕುಡಿಯಿರಿ, ನನ್ನ ಅಡ್ಡಿ ಇಲ್ಲ, ಸಕ್ಕರೆ ಕಾಯಿಲೆ ಇರುವವರು ಮಾತ್ರ ಬೇಡ. ಕುಡಿದ ಮೇಲೆ ಎರಡು ಸಲ ಅಲ್ಲಾಡಿತು, ಇನ್ನು ನಾಳೆ ನೋಡೋಣ ಎಂದು ಮಲಗುವುದು ತಪ್ಪು.

ತಮ್ಮ ತರಿಸಿದ ಡಾಪ್ಲರನ್ನು ಪೆಟ್ಟಿಗೆಗೆ ಹಾಕಿಡಲು ಹೇಳಿ. ಪಾಪ, ಅಕ್ಕನಿಗೆ ಧೈರ್ಯ ಬರಲಿ ಎಂದೇ ತರಿಸಿದ್ದಾನೆ. ಆದರೆ ಅದರಲ್ಲಿ ಕೇಳುವುದು ಎಷ್ಟೋ ಸಲ ಅಮ್ಮನದೇ ರಕ್ತನಾಳದ ಸದ್ದು. ಗಾಬರಿಯಲ್ಲಿ ನಿಮ್ಮ ನಾಡಿ 120ಕ್ಕೆ ಏರಿದ್ದರೆ ಮಗುವಿನದು ಎಂದೇ ಅನ್ನಿಸುತ್ತದೆ. ಮಗುವಿನದೇ ಆಗಿದ್ದರೂ ಅದು ಹೇಳುವುದು ಈ ಕ್ಷಣ ಹೃದಯ ಬಡಿಯುತ್ತಿದೆ ಎಂದಷ್ಟೇ. ಕಷ್ಟದಲ್ಲಿರುವ ಮಗುವಿನ ಹೃದಯವೂ ಬಡಿಯುತ್ತಲೇ ಇರುತ್ತದೆ. ನಾವು ನೋಡುವುದು ಬಡಿತ ಹೇಗೆ ಏರಿಳಿಯುತ್ತದೆ ಎನ್ನುವುದನ್ನು. ಅದಕ್ಕೆ ಪಟ್ಟಿ ಬೇಕು, ಓದಲು ಬರುವವರು ಬೇಕು.

ಇನ್ನು ಎಣಿಸುವುದು. "ದಿನಕ್ಕೆ 10 ಸಲ ಆಡಬೇಕು" ಎಂದು ನಿಮ್ಮ ಆಶಾ ಕಾರ್ಯಕರ್ತೆಯೋ ಯಾವುದೋ ಆ್ಯಪ್ಪೋ ಹೇಳಿರಬಹುದು. 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಶುರುವಾದ ಲೆಕ್ಕ ಇದು: ಬೆಳಗಿನಿಂದ 12 ಗಂಟೆಯೊಳಗೆ 10 ಆಟ. ನಮ್ಮಲ್ಲೂ ಅದೇ ಬಂತು. ಕೇಳಲು ಸುಲಭ, ಆದರೆ ದಿನಕ್ಕೆ 60 ಸಲ ಆಡುವುದು ಗೊತ್ತಾಗುತ್ತಿದ್ದ ತಾಯಿಗೆ ಒಂದು ದಿನ 12 ಸಲ ಮಾತ್ರ ಗೊತ್ತಾದರೆ? ಲೆಕ್ಕದ ಪ್ರಕಾರ ಪಾಸು. ನನ್ನ ಪ್ರಕಾರ ಆಕೆ ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿರಬೇಕಿತ್ತು. ಎಲ್ಲರಿಂದಲೂ ದಿನಾ ಎಣಿಸಿಸಿ ಚಾರ್ಟ್ ಬರೆಸಿದರೆ ಮಕ್ಕಳು ಉಳಿಯುತ್ತವೆಯೇ ಎಂದು 1989ರಲ್ಲಿ 68,000 ಮಹಿಳೆಯರನ್ನು ಒಳಗೊಂಡ ದೊಡ್ಡ ಅಧ್ಯಯನ ನೋಡಿತು. ಸಾವು ಕಡಿಮೆಯಾಗಲಿಲ್ಲ. 2018ರಲ್ಲಿ ಬ್ರಿಟನ್, ಐರ್ಲೆಂಡಿನಲ್ಲಿ 4 ಲಕ್ಷಕ್ಕೂ ಮಿಕ್ಕಿದ ಬಸುರಿಯರ ಅಧ್ಯಯನ ಬಂತು. ಅದರಲ್ಲಿ ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಬಂದವರನ್ನೆಲ್ಲ ಒಂದೇ ಕ್ರಮದಲ್ಲಿ ತಪಾಸಣೆ ಮಾಡಿದರು. ಸಾವು ಕಡಿಮೆಯಾಯಿತು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಅಲ್ಲೂ ಕಾಣಲಿಲ್ಲ. ನೋವು ಬರಿಸುವುದು, ಸಿಸೇರಿಯನ್ ಮಾತ್ರ ಜಾಸ್ತಿಯಾದವು.

ಹಾಗಾದರೆ ನೀವ್ಯಾಕೆ ಆಸ್ಪತ್ರೆಗೆ ಓಡಿಸುತ್ತೀರಿ ಎಂದು ಕೇಳಬಹುದು. ಆ ಅಧ್ಯಯನಗಳು ಅಳೆದದ್ದು ಊರಿಗೆಲ್ಲ ಒಂದೇ ಪದ್ಧತಿ ತಂದರೆ ಏನಾಗುತ್ತದೆ ಎಂದು. ಕೋಣೆಯಲ್ಲಿ ನನ್ನ ಎದುರು ಕೂತಿರುವ ಒಬ್ಬಳ ಮಗು ನಿನ್ನೆಯಿಂದ ಸುಮ್ಮನಾಗಿದೆ ಎಂದರೆ ಅದು ಬೇರೆ ಮಾತು. ಆ ಮಗುವಿನ ಸುದ್ದಿ ಹೇಳಲು ಅವಳಲ್ಲದೆ ಬೇರೆ ಯಾರೂ ಇಲ್ಲ. ಹಾಗಾಗಿ ಎಲ್ಲರೂ ಚಾರ್ಟ್ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಬರೆದರೆ ಸಮಾಧಾನ ಎನ್ನುವವರು ಬರೆಯಲಿ. ನಿಮ್ಮ ಡಾಕ್ಟರ್ ಬಿಪಿ, ಸಕ್ಕರೆಗಾಗಿ ಎಣಿಸಲು ಹೇಳಿದ್ದರೆ ಖಂಡಿತ ಎಣಿಸಿ. ಉಳಿದವರು ದಿನಾ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ಅಂತಿಟ್ಟುಕೊಳ್ಳಿ, ಮೊಬೈಲು ಬದಿಗಿಟ್ಟು ಸ್ವಲ್ಪ ಹೊತ್ತು ಮಲಗಿ ಮಗುವಿನ ಪರಿಚಯ ಮಾಡಿಕೊಂಡರೆ ಸಾಕು. ಕಡಿಮೆಯಾಗಿದೆಯೋ ಇಲ್ಲವೋ ಎಂದು ಅನುಮಾನ ಬಂದಾಗ ಮಾತ್ರ ಎಣಿಸುವುದು ಉಪಯೋಗಕ್ಕೆ ಬರುತ್ತದೆ. ಎಡಮಗ್ಗುಲಲ್ಲಿ ಮಲಗಿ, ಬೇರೆ ಯಾವುದಕ್ಕೂ ಗಮನ ಕೊಡಬೇಡಿ. ಎರಡು ಗಂಟೆಯೊಳಗೆ 10 ಸಲ ಗೊತ್ತಾಗದಿದ್ದರೆ ಹೊರಡಿ. ಕಡಿಮೆಯಾಗಿದೆ ಎಂದು ನಿಮಗೇ ಖಾತ್ರಿ ಇದ್ದರೆ ಈ ಎರಡು ಗಂಟೆಯೂ ಬೇಡ. ಬಿಕ್ಕಳಿಕೆಯನ್ನು ಎಣಿಸಬೇಡಿ. ಒಂದೇ ತಾಳದಲ್ಲಿ ಟಕ್ ಟಕ್ ಎಂದು ಸ್ವಲ್ಪ ಹೊತ್ತು ಬಡಿಯುತ್ತದಲ್ಲ, ಅದು ಬಿಕ್ಕಳಿಕೆ. ಅಪಾಯ ಇಲ್ಲ, ಆಟವೂ ಅಲ್ಲ.

ಜಾಸ್ತಿ ಆಡಿದರೆ ಏನು ಎಂದೂ ಕೇಳುತ್ತಾರೆ. ತುಂಟ ಮಗು ಎಂದು ಖುಷಿಪಡಿ. ಒಂದೇ ಒಂದು ಸಂದರ್ಭ ಬಿಟ್ಟು: ಇದ್ದಕ್ಕಿದ್ದ ಹಾಗೆ ಹುಚ್ಚು ಹಿಡಿದಂತೆ ಒದ್ದಾಡಿ ಆಮೇಲೆ ಪೂರ್ತಿ ಸುಮ್ಮನಾದರೆ ತೋರಿಸಬೇಕು. ಕೈ ಮೇಲೆತ್ತಿ ಬಟ್ಟೆ ಒಣಹಾಕಿದರೆ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎನ್ನುವುದು ಸುಳ್ಳು. ನಿಮ್ಮ ಕೈಗೂ ಒಳಗಿನ ಬಳ್ಳಿಗೂ ಸಂಬಂಧವೇ ಇಲ್ಲ. ಬಳ್ಳಿ ಸುತ್ತಿಕೊಂಡು ಹುಟ್ಟುವ ಮಕ್ಕಳು ಎಷ್ಟೋ ಇದ್ದಾರೆ, ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ಬಲಗಡೆ ಒದ್ದರೆ ಗಂಡು ಎನ್ನುವುದಕ್ಕೆ ಉತ್ತರ ಬರೆಯುವುದಿಲ್ಲ. ಮಲಗುವುದು ಯಾವ ಮಗ್ಗುಲಾದರೂ ಸರಿ, 28 ವಾರದ ಮೇಲೆ ಅಂಗಾತ ಮಲಗಿ ನಿದ್ದೆ ಹೋಗುವುದು ಮಾತ್ರ ಒಳ್ಳೆಯದಲ್ಲ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮಗ್ಗುಲು ಬದಲಿಸಿ ನಿದ್ದೆ ಮಾಡಿ.

ಅಮ್ಮನ ಭಯದ ಬಗ್ಗೆ. ನಿಮ್ಮ ಪೆರ್ಲ ಇರುವ ಎಣ್ಮಕಜೆಯ ಕಡೆಯವರಿಗೆ ಈ ಭಯ ಇರಬಾರದು ಎಂದು ನಾನು ಹೇಳಲಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಣ್ಣಾರೆ ಕಂಡವರು ಅವರು, ಆಮೇಲಿನದನ್ನೂ ಕಂಡವರು. ಆ ಸಿಂಪಡಣೆ ನಿಂತದ್ದು 2000ದ ಕೊನೆಗೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದರ ತಯಾರಿ, ಮಾರಾಟ, ಬಳಕೆ ತಡೆಯಿತು. ಮಗುವಿನ ಅಂಗಾಂಗಗಳಲ್ಲಿ ನ್ಯೂನತೆ ಇದೆಯೇ ಎಂದು ನೋಡಲು ಐದನೇ ತಿಂಗಳ ಸ್ಕ್ಯಾನ್ ಇದೆ. ನಿಮ್ಮದು ಆಗಿದೆ, ಸರಿ ಇತ್ತು. 35ನೇ ವಾರದಲ್ಲಿ ಒಂದು ಮಧ್ಯಾಹ್ನ ಮಗು ಸುಮ್ಮನಾದರೆ ನಾನು ಹುಡುಕುವುದು ಈಗಿನ ಕಾರಣವನ್ನು: ಮಾಸು, ನೀರು, ತೂಕ, ಬಿಪಿ. ಹಳೆಯ ಭಯವನ್ನು ಹಿಡಿದುಕೊಂಡು ಮನೆಯಲ್ಲಿ ಕೂತರೆ ಇವತ್ತು ಸರಿಮಾಡಬಹುದಾದದ್ದು ಕೈತಪ್ಪುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಮೊದಲು ನಾಲ್ಕು ಪ್ರಶ್ನೆ, ಬಿಪಿ, ಹೊಟ್ಟೆಯ ಅಳತೆ. ಆಮೇಲೆ ಎನ್‌ಎಸ್‌ಟಿ. ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಗರ್ಭಕೋಶ ಬಿಗಿಯಾಗುವುದನ್ನು ನೋಡಲು. ಕೈಗೆ ಒಂದು ಗುಂಡಿ ಕೊಡುತ್ತಾರೆ, ಮಗು ಅಲ್ಲಾಡಿದಾಗಲೆಲ್ಲ ಒತ್ತಬೇಕು. ಮಿಷನ್ನಿನಿಂದ ಕಾಗದದ ಪಟ್ಟಿ ಬರುತ್ತಾ ಇರುತ್ತದೆ. ಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ಮಗು ಆಡಿದಾಗ ಬಡಿತ ಏರಬೇಕು. 20 ನಿಮಿಷದಲ್ಲಿ ಎರಡು ಸಲವಾದರೂ 15 ಬಡಿತದಷ್ಟು ಏರಿ 15 ಸೆಕೆಂಡ್ ನಿಲ್ಲಬೇಕು. ಮಗು ನಿದ್ದೆಯಲ್ಲಿದ್ದರೆ 40 ನಿಮಿಷದವರೆಗೆ ನೋಡುತ್ತೇವೆ. ನೋವಿಲ್ಲ, ಸೂಜಿ ಇಲ್ಲ. ಮಗುವಿನ ಬೆಳವಣಿಗೆ ಇತ್ತೀಚೆಗೆ ನೋಡಿಲ್ಲದಿದ್ದರೆ, ಎರಡನೇ ಸಲ ಬಂದಿದ್ದರೆ, ಬಿಪಿ, ಸಕ್ಕರೆ ಇದ್ದರೆ ಸ್ಕ್ಯಾನ್ ಕೂಡ ಬೇಕು. ಅದರಲ್ಲಿ ತೂಕ, ನೀರು, ಬೇಕಿದ್ದರೆ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನೂ ನೋಡುತ್ತಾರೆ.

ಎನ್‌ಎಸ್‌ಟಿ ಸರಿ ಇದ್ದರೆ ಆ ಹೊತ್ತಿಗೆ ಮಗು ಚೆನ್ನಾಗಿದೆ ಎಂದರ್ಥ. ಮುಂದಿನ ವಾರಕ್ಕೆ ಅದು ಗ್ಯಾರಂಟಿ ಕಾರ್ಡ್ ಅಲ್ಲ. ಮಾಸು ಇದ್ದಕ್ಕಿದ್ದ ಹಾಗೆ ಬಿಟ್ಟುಕೊಳ್ಳುವಂಥದ್ದನ್ನು ಯಾವ ಪಟ್ಟಿಯೂ ಮೊದಲೇ ಹೇಳುವುದಿಲ್ಲ. ಅದಕ್ಕೇ ನಿಮ್ಮ ನಾಚಿಕೆಯ ವಿಷಯಕ್ಕೆ ನನಗೆ ಹೆಚ್ಚು ಚಿಂತೆ. 33ರಲ್ಲಿ ಸರಿ ಇತ್ತು ಎನ್ನುವುದು 35ರಲ್ಲಿ ಹೋಗದಿರಲು ಕಾರಣ ಆಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಎರಡನೇ ಸಲ ಬಂದವರಿಗೆ ಗಮನ ಜಾಸ್ತಿ. ಮತ್ತೆ ಮತ್ತೆ ಆಟ ಕಡಿಮೆಯಾಗುವ ಮಕ್ಕಳಲ್ಲಿ ಬೆಳವಣಿಗೆಯ ತೊಂದರೆ ಸಿಗುವ ಸಂಭವ ಹೆಚ್ಚು. ಡ್ಯೂಟಿಯಲ್ಲಿರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. "33ರಲ್ಲಿ ಒಮ್ಮೆ ಆಗಿತ್ತು, ಇದು ಎರಡನೇ ಸಲ" ಎಂದು ಸ್ಪಷ್ಟವಾಗಿ ಹೇಳಿ, ಫೈಲಿನಲ್ಲಿ ಬರೆಸಿಕೊಳ್ಳಿ. ಮೂರನೇ ಸಲವಾದರೂ ಹೀಗೇ. ರಕ್ತ ಹೋದರೆ, ನೀರು ಸೋರಿದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವೇ ಆಗದಿದ್ದರೆ, ತಲೆನೋವಿನ ಜತೆ ಕಣ್ಣು ಮಂಜಾದರೆ, ಮಗು ಆಡುತ್ತಿದ್ದರೂ ಹೊರಡಬೇಕು.

ದೂರದ ಪ್ರಶ್ನೆ ನಿಜವಾದದ್ದೇ. ಕೇರಳ-ಕರ್ನಾಟಕ ಗಡಿಯಲ್ಲಿರುವ ನಾವು ಓಟು ಹಾಕುವುದು ಒಂದು ಕಡೆ, ಹೆರುವುದು ಇನ್ನೊಂದು ಕಡೆ. ಹೆರಿಗೆಗೆ ಮಂಗಳೂರು ಎಂದು ಗಟ್ಟಿ ಮಾಡಿರಿ, ತೊಂದರೆ ಇಲ್ಲ. ಆದರೆ ಆಟ ಕಡಿಮೆಯಾದ ದಿನ ಒಂದೂವರೆ ಗಂಟೆ ದೂರದ ಗುರುತಿನ ಡಾಕ್ಟರೇ ಬೇಕು ಎಂದು ಹಟ ಬೇಡ. ಎನ್‌ಎಸ್‌ಟಿ ಮಿಷನ್ನು, ರಾತ್ರಿಯೂ ಪ್ರಸೂತಿ ಡಾಕ್ಟರು ಇರುವ ಎಲ್ಲಕ್ಕಿಂತ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ವಿಚಾರಿಸಿಡಿ. ನಿಮಗೆ ಅದು ಕಾಸರಗೋಡು ಆಗಬಹುದು, ಪುತ್ತೂರೂ ಆಗಬಹುದು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆಗೆ ಅಡ್ಡ ಹಾಕಿದಾಗ ಒಂದೇ ಆಸ್ಪತ್ರೆಯನ್ನು ನೆಚ್ಚಿಕೊಂಡವರ ಪಾಡು ಏನಾಯಿತು ಎಂದು ನಮಗೆಲ್ಲ ಗೊತ್ತು. ಎರಡೂ ಕಡೆಯ ಲೇಬರ್ ರೂಮಿನ ನಂಬರು ಅಮ್ಮನ ಮೊಬೈಲಿನಲ್ಲೂ ಇರಲಿ, ಬರೇ ನಿಮ್ಮದರಲ್ಲಿ ಅಲ್ಲ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟುಗಳು, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ತೂಗಾಡುತ್ತಿರಲಿ. ಕಾರು ಸಿಗದಿದ್ದರೆ 108. ಕಾಸರಗೋಡಿನ ಕಡೆ ಹೋದರೆ, ಮಲಯಾಳ ಬಾರದವರು ಕೌಂಟರಿನಲ್ಲಿ ತಡವರಿಸುವುದು ಬೇಡ. "ಕುಞ್ಞಿನ್ ಅನಕ್ಕಂ ಕುರವಾಣ್" (ಮಗು ಆಡುವುದು ಕಡಿಮೆ) ಎಂದು ಹೇಳಿದರೆ ಸಾಕು, ಓಪಿ ಚೀಟಿಯ ಸಾಲು ಬಿಟ್ಟು ನೇರ ಲೇಬರ್ ರೂಮಿಗೆ ಹೋಗಬೇಕು ಎಂದು ಸಿಸ್ಟರಿಗೆ ಅರ್ಥವಾಗುತ್ತದೆ.

ಕೊನೆಗೆ 37 ವಾರಕ್ಕೆ ನೋವು ಬರಿಸುವ ಮಾತು. ಎರಡು ಸಲ ಭಯವಾದ ಮೇಲೆ "ತೆಗೆದುಬಿಡಿ, ಸಾಕು" ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೆ 37ಕ್ಕೆ ಹುಟ್ಟಿದ ಮಗುವಿಗೂ 39ಕ್ಕೆ ಹುಟ್ಟಿದ ಮಗುವಿಗೂ ವ್ಯತ್ಯಾಸ ಇದೆ. ಉಸಿರಾಟದ ತೊಂದರೆ, ಕಾಮಾಲೆ, ಎನ್‌ಐಸಿಯು (ಶಿಶುಗಳ ತೀವ್ರ ನಿಗಾ ಘಟಕ) ವಾಸ 37ರಲ್ಲಿ ಜಾಸ್ತಿ. ಗರ್ಭಕೋಶದ ಬಾಯಿ ಹದವಾಗಿರದಿದ್ದರೆ ಜೆಲ್, ಡ್ರಿಪ್ ಎಂದು ನೋವು ಬರಿಸುವುದು ಎರಡು ದಿನ ಎಳೆಯಬಹುದು. ನೋವು ವಿಪರೀತ ಬಂದು ಮಗುವಿಗೇ ಕಷ್ಟವಾಗಬಹುದು. ಆಗ ಸಿಸೇರಿಯನ್. ಚೊಚ್ಚಲಿನಲ್ಲಿ ಸಿಸೇರಿಯನ್ ಆದರೆ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಸ್ವಲ್ಪ ಹೆಚ್ಚು. ಇನ್ನೊಂದು ಕಡೆ, ಕಾಯುವುದರಲ್ಲೂ ಅಪಾಯ ಸೊನ್ನೆ ಅಲ್ಲ. ಮಗು ಬೆಳೆಯುತ್ತಿಲ್ಲ, ನೀರು ಕಡಿಮೆ, ರಕ್ತದ ಹರಿವು ಸರಿ ಇಲ್ಲ, ಬಿಪಿ ಏರಿದೆ ಎಂದಾದರೆ 37ಕ್ಕೆ, ಕೆಲವೊಮ್ಮೆ ಅದಕ್ಕೂ ಮೊದಲೇ ಹೆರಿಗೆ ಮಾಡಿಸುವುದೇ ಸರಿ. ಅಂಥ ಹೊತ್ತಿನಲ್ಲಿ ಡಾಕ್ಟರ್ ಹೇಳಿದರೆ ಮುಹೂರ್ತ ನೋಡುತ್ತಾ ಕೂರಬೇಡಿ.

ನಿಮ್ಮದು ಹಾಗಲ್ಲ. ಈಗಿನ ಮಟ್ಟಿಗೆ ತಪಾಸಣೆ ಎಲ್ಲ ಸರಿ ಇದೆ. ನನ್ನನ್ನು ಕೇಳಿದರೆ ಎರಡು ವಾರ ಬಿಟ್ಟು ಬೆಳವಣಿಗೆಯ ಸ್ಕ್ಯಾನ್ ಮತ್ತೊಮ್ಮೆ ಆಗಲಿ. ನಡುವೆ ಆಟ ಕಡಿಮೆಯಾದರೆ ಅಂದೇ ಎನ್‌ಎಸ್‌ಟಿ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ 39 ವಾರದ ಹತ್ತಿರ ನೋವು ಬರಿಸುವ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ಆ ಹೊತ್ತಿಗೆ ಮಗುವಿಗೆ ಆಗುವ ನಷ್ಟ ತೀರಾ ಕಡಿಮೆ, ನಿಮ್ಮ ಭಯಕ್ಕೂ ಒಂದು ಬೆಲೆ ಇದೆ. ಮುಂದಿನ ಭೇಟಿಯಲ್ಲಿ ಮಗುವಿನ ತೂಕ ವಾರಕ್ಕೆ ತಕ್ಕಂತೆ ಏರುತ್ತಿದೆಯೇ, ಗರ್ಭಕೋಶದ ಬಾಯಿ ಹೇಗಿದೆ ಎಂದು ಕೇಳಿ. ಗಂಡನ ರಜೆ ಇದರಲ್ಲಿ ಕಾರಣ ಆಗಬಾರದು. 37ರ ಟಿಕೆಟ್ ಈಗಾಗಲೇ ಮಾಡಿದ್ದರೆ 39ರ ಸುಮಾರಿಗೆ ಬದಲಾಯಿಸಲು ಹೇಳಿ. ಬದಲಾಯಿಸಲು ಆಗದಿದ್ದರೆ ಅವರು ಬಂದು ನಿಮ್ಮನ್ನು ನೋಡಿ ಹೋಗಲಿ, ಮಗುವನ್ನು ವೀಡಿಯೋ ಕಾಲಿನಲ್ಲಿ ನೋಡಿದರಾಯಿತು.